ಹುಳಿ ಕಾಯುವ ಕಸುಬು: ಯಾರಾ ಕಣಿವೆಯ ಶಾರ್ಡೊನೆ

ಫೆಬ್ರವರಿ ಕೊನೆಯ ಒಂದು ಶನಿವಾರ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಮೆಲ್ಬರ್ನ್‌ನ ಪೂರ್ವಕ್ಕಿರುವ ಯಾರಾ ಕಣಿವೆಯ ಮೇಲ್ಭಾಗದಲ್ಲಿ, ಗ್ಲಾಡಿಸ್‌ಡೇಲ್ ಸಮೀಪದಲ್ಲಿ ಬಿಳಿ ವೈನಿಗಾಗಿ ಶಾರ್ಡೊನೆ ತಳಿ ಬೆಳೆಯುವ ಸಣ್ಣ ದ್ರಾಕ್ಷಿ ತೋಟವೊಂದರ ಗೇಟಿನ ಬಳಿ ನಾನು ಮಾಡಿದ ಮೊದಲ ಕೆಲಸವೆಂದರೆ ಬೂಟಿನ ತಳಕ್ಕಂಟಿದ್ದ ಮಣ್ಣನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದು, ಕ್ಲೋರಿನ್ ದ್ರಾವಣ ತುಂಬಿದ ಟ್ರೇನಲ್ಲಿ ಕಾಲಿಟ್ಟು ನಿಂತದ್ದು. ಬೇರಿನ ರಸ ಹೀರಿ ಬಳ್ಳಿಯನ್ನೇ ಕೊಲ್ಲುವ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಈ ಕಣಿವೆಯಲ್ಲಿ ಕಾಣಿಸಿಕೊಂಡದ್ದು 2006ರಲ್ಲಿ. ಅದಕ್ಕೆ ಔಷಧವಿಲ್ಲ; ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರುಕಾಂಡಕ್ಕೆ ಕಸಿ ಮಾಡಿ ಹೊಸದಾಗಿ ನೆಡುವುದೊಂದೇ ದಾರಿ. ಅಲ್ಲಿಯವರೆಗೆ ಒಬ್ಬರ ತೋಟದ ಮಣ್ಣು ಇನ್ನೊಬ್ಬರ ತೋಟಕ್ಕೆ ಹೋಗಬಾರದು. ನಮ್ಮೂರಿನಲ್ಲಿ ಡಾಗ್‌ರಿಡ್ಜ್ ಎಂಬ ಬೇರುಕಾಂಡಕ್ಕೆ ಕಸಿ ಕಟ್ಟುವುದು ಉಪ್ಪು ನೀರನ್ನೂ ಬರವನ್ನೂ ತಡೆದುಕೊಳ್ಳಲಿ ಎಂದು. ಇಲ್ಲಿ ಕಾರಣ ಬೇರೆ, ಕತ್ತರಿ ಒಂದೇ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಪಡದಲ್ಲಿ ಆಡಿ ಬೆಳೆದವನು. ಥಾಮ್ಸನ್ ಸೀಡ್‌ಲೆಸ್ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವುದು ನಮ್ಮ ಮನೆಯ ಕಸುಬು. (ಇದೇ ಅದ್ದುವ ಪದ್ಧತಿ ಇಲ್ಲಿಯ ಮಿಲ್ಡೂರಾದ ಒಣದ್ರಾಕ್ಷಿ ಬೆಳೆಗಾರರಲ್ಲಿಯೂ ಇದೆ ಎಂದು ತಿಳಿದಾಗ ನನಗೆ ಬೀಗರು ಸಿಕ್ಕಷ್ಟು ಸಂತೋಷವಾಗಿತ್ತು.) ನಮಗೆ ದ್ರಾಕ್ಷಿ ಎಂದರೆ ಸಿಹಿ, ಎಷ್ಟು ಸಕ್ಕರೆಯೋ ಅಷ್ಟು ತೂಕ, ಎಷ್ಟು ತೂಕವೋ ಅಷ್ಟು ಹಣ. ಹುಳಿ ಉಳಿದ ಹಣ್ಣೆಂದರೆ ಅವಸರಪಟ್ಟ ರೈತನ ಹಣ್ಣು. ಆ ಲೆಕ್ಕವನ್ನು ಬೆನ್ನಿಗೆ ಕಟ್ಟಿಕೊಂಡು ಹೋದವನಿಗೆ, ವರ್ಷವಿಡೀ ಹುಳಿಯನ್ನು ಕಾಯುವುದೇ ಕೆಲಸವಾಗಿರುವ ಜನರ ನಡುವೆ ನಿಂತಾಗ ಮೊದಲ ಎರಡು ಗಂಟೆ ಏನೂ ಅರ್ಥವಾಗಲಿಲ್ಲ.

ಯಾರಾ ಕಣಿವೆಯ ದ್ರಾಕ್ಷಿಯ ಚರಿತ್ರೆ ಒಮ್ಮೆ ಕಡಿದುಹೋಗಿ ಮತ್ತೆ ಚಿಗುರಿದ್ದು. 1838ರಲ್ಲಿ ರೈರಿ ಸಹೋದರರು ಯೆರಿಂಗ್‌ನಲ್ಲಿ ಮೊದಲ ಬಳ್ಳಿಗಳನ್ನು ನೆಟ್ಟರು. ಆಮೇಲೆ ಬಂದ ಸ್ವಿಸ್ ವಲಸಿಗರು ಅದನ್ನು ದೊಡ್ಡದು ಮಾಡಿದರು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಯೆರಿಂಗ್‌ನ ವೈನಿಗೆ ದೊಡ್ಡ ಬಹುಮಾನವೂ ಬಂತು. ಆದರೆ 1920ರ ದಶಕದ ಹೊತ್ತಿಗೆ ಬಳ್ಳಿಗಳಿದ್ದ ಜಾಗದಲ್ಲಿ ಹಸುಗಳು ಮೇಯುತ್ತಿದ್ದವು. 1960ರ ದಶಕದಲ್ಲಿ ಮತ್ತೆ ನೆಡಲು ಶುರು ಮಾಡಿದವರಲ್ಲಿ ಬೇಲಿ ಕರೋಡಸ್ ಸಸ್ಯವಿಜ್ಞಾನಿ. 1970ರ ದಶಕದ ಆರಂಭದಲ್ಲಿ ಅವರ ಹಿಂದೆಯೇ ಬಂದ ಜಾನ್ ಮಿಡಲ್‌ಟನ್ ವೈದ್ಯರು. ರೈತರಲ್ಲದವರು ಹಠದಿಂದ ಕಟ್ಟಿದ ಪ್ರದೇಶವಾದ್ದರಿಂದಲೋ ಏನೋ, ಇಲ್ಲಿ ಇಂದಿಗೂ ಎಲ್ಲರೂ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ.

ಕಣಿವೆ ಒಂದೇ ಆದರೂ ಅದರೊಳಗೆ ಎರಡು ಹವೆಗಳಿವೆ. ಕೆಳಗಿನ ಬಯಲಿನಲ್ಲಿ ಬೂದು ಬಣ್ಣದ ಜೇಡಿ ಮಿಶ್ರಿತ ಮಣ್ಣು, ತುಸು ಬೆಚ್ಚನೆಯ ವಾತಾವರಣ. ಗ್ಲಾಡಿಸ್‌ಡೇಲ್, ಹಾಡಲ್ಸ್ ಕ್ರೀಕ್ ಕಡೆಯ ಮೇಲ್ಭಾಗದಲ್ಲಿ ಜ್ವಾಲಾಮುಖಿಯಿಂದಾದ ಆಳವಾದ ಕೆಂಪು ಮಣ್ಣು, ಹೆಚ್ಚು ಮಳೆ, ಬೇಸಿಗೆಯಲ್ಲಿಯೂ ಸ್ವೆಟರ್ ಬೇಡುವ ರಾತ್ರಿಗಳು. ಕೆಳಗೆ ಕೊಯ್ಲು ಮುಗಿಯುತ್ತ ಬಂದಿರುವಾಗ ಇಲ್ಲಿ ಹಣ್ಣು ಇನ್ನೂ ಯೋಚಿಸುತ್ತಿರುತ್ತದೆ.

ಆ ರಾತ್ರಿಗಳೇ ಮುಖ್ಯ. ದ್ರಾಕ್ಷಿಯಲ್ಲಿ ಪ್ರಧಾನವಾಗಿ ಎರಡು ಹುಳಿಗಳಿರುತ್ತವೆ: ಟಾರ್ಟಾರಿಕ್ ಆಮ್ಲ ಮತ್ತು ಹಸಿ ಸೇಬಿನಲ್ಲಿರುವ ಮಾಲಿಕ್ ಆಮ್ಲ. ಟಾರ್ಟಾರಿಕ್ ಆಮ್ಲ ಸುಲಭಕ್ಕೆ ಕಡಿಮೆಯಾಗುವುದಲ್ಲ. ಮಾಲಿಕ್ ಆಮ್ಲವನ್ನು ಮಾತ್ರ ಹಣ್ಣು ತನ್ನ ಉಸಿರಾಟಕ್ಕೆ ಉರಿಸಿಕೊಳ್ಳುತ್ತದೆ, ಮತ್ತು ಸೆಕೆ ಹೆಚ್ಚಿದಷ್ಟೂ ಆ ಉರಿ ಜೋರಾಗುತ್ತದೆ. ನಮ್ಮ ಕಡೆಯ ಮಾರ್ಚ್ ತಿಂಗಳ ಬಿಸಿಲಿಗೆ ಅದು ತಾಳುವುದಿಲ್ಲ. ಇಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಣ್ಣಗಾಗುವುದರಿಂದ, ಸಕ್ಕರೆ ಏರುತ್ತ ಹೋದರೂ ಹುಳಿ ನಿಧಾನವಾಗಿ ಇಳಿಯುತ್ತದೆ, ಮತ್ತು ಆ ಬಿಡುವಿನಲ್ಲಿ ಪರಿಮಳ ಕಟ್ಟಿಕೊಳ್ಳಲು ಹಣ್ಣಿಗೆ ಸಮಯ ಸಿಗುತ್ತದೆ. ತಂಪು ಹವೆಯ ವೈನ್ ಎಂಬ ಮಾತಿನ ಅರ್ಥ ನನ್ನ ಮಟ್ಟಿಗೆ ಇಷ್ಟೇ.

ಶಾರ್ಡೊನೆ ತಳಿಗೆ ತನ್ನದೇ ಆದ ಗಾಢ ಪರಿಮಳವಿಲ್ಲ. ಪಿನೋ ತಳಿಗೂ, ಯಾರೂ ಲೆಕ್ಕಕ್ಕಿಡದ ಗೂಏ ಬ್ಲಾಂ ಎಂಬ ಒರಟು ತಳಿಗೂ ಹುಟ್ಟಿದ ಮಗು ಇದು ಎಂಬುದು 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ಮಸ್ಕತ್ ದ್ರಾಕ್ಷಿಯನ್ನು ಕಣ್ಣು ಮುಚ್ಚಿ ಗುರುತಿಸಬಹುದು; ಶಾರ್ಡೊನೆಯನ್ನು ಹಾಗೆ ಗುರುತಿಸಲಾಗದು. ಮಣ್ಣು, ಹವೆ, ಪೀಪಾಯಿ, ಮಾಡುವವನ ಕೈ ಇವೆಲ್ಲ ಅದರ ಮೇಲೆ ಬಿಳಿ ಪಂಚೆಯ ಮೇಲಿನ ಕಲೆಯಂತೆ ಎದ್ದು ಕಾಣುತ್ತವೆ. ತಪ್ಪುಗಳೂ ಕಾಣುತ್ತವೆ.

ಕೊಯ್ಯಲು ನನ್ನ ಪಾಲಿಗೆ ಬಂದದ್ದು ಮೆಂಡೋಸಾ ಎಂಬ ಕ್ಲೋನಿನ, ಅಂದರೆ ಒಂದೇ ತಾಯಿಬಳ್ಳಿಯ ತುಂಡುಗಳಿಂದ ಬೆಳೆಸಿದ ಬಗೆಯ, ಸಾಲು. ಹೂಬಿಡುವ ಕಾಲದಲ್ಲಿ ಚಳಿಯೋ ಮಳೆಯೋ ಬಂದರೆ ಇದರ ಗೊಂಚಲಿನಲ್ಲಿ ಕಾಯಿಗಳು ಸಮನಾಗಿ ಕಟ್ಟುವುದಿಲ್ಲ. ಗೋಲಿಯಷ್ಟು ದೊಡ್ಡವುಗಳ ನಡುವೆ ಬಟಾಣಿಗಿಂತ ಸಣ್ಣವು ಸಿಕ್ಕಿಕೊಂಡಿರುತ್ತವೆ. ಇಲ್ಲಿಯವರು ಇದಕ್ಕೆ ‘ಕೋಳಿ ಮತ್ತು ಮರಿ’ ಎನ್ನುತ್ತಾರೆ. ನಮ್ಮೂರಿನಲ್ಲಿ ಇಂಥ ಗೊಂಚಲು ಬಂದರೆ ಮನೆಯಲ್ಲಿ ಮಾತುಕತೆ ನಿಂತುಹೋಗುತ್ತಿತ್ತು. ಕಾಯಿಗಳೆಲ್ಲ ಒಂದೇ ಸಮ ದಪ್ಪವಾಗಲೆಂದೇ ನಾವು ಜಿಎ (ಜಿಬ್ಬರೆಲಿಕ್ ಆಮ್ಲ) ಎಂಬ ಬೆಳವಣಿಗೆ ಚೋದಕದ ದ್ರಾವಣಕ್ಕೆ ದುಡ್ಡು ಸುರಿಯುತ್ತೇವೆ. ಆದರೆ ತೋಟದ ಯಜಮಾನರು ಮರಿಗಳನ್ನೇ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಣ್ಣ ಕಾಯಿಯಲ್ಲಿ ರಸ ಕಡಿಮೆ, ರುಚಿ ಒತ್ತಾಗಿರುತ್ತದೆ; ಬೀಜವಿಲ್ಲದ ಆ ಮರಿಗಳ ಸಿಹಿಯೂ ದೊಡ್ಡ ಕಾಯಿಗಳ ಹುಳಿಯೂ ಸೇರಿ ಒಂದೇ ಗೊಂಚಲಿನಿಂದ ಎರಡು ಬಗೆಯ ರಸ ಬರುತ್ತದೆ. ಇಳುವರಿ ಕಡಿಮೆಯಾಗುತ್ತದೆಯಲ್ಲ ಎಂದು ಕೇಳಿದೆ. ಹೌದು, ಅದಕ್ಕೇ ಬೆಲೆ ಹೆಚ್ಚು ಎಂದರು, ನಗದೆ.

ಕೊಯ್ಲಿನ ದಿನವನ್ನು ಅವರು ಹೇಗೆ ಗೊತ್ತುಪಡಿಸುತ್ತಾರೆ ಎಂಬುದನ್ನು ನೋಡುವುದೇ ನನ್ನ ಮುಖ್ಯ ಆಸೆಯಾಗಿತ್ತು. ಆಸ್ಟ್ರೇಲಿಯಾದಲ್ಲಿ ಸಕ್ಕರೆಯನ್ನು ಬೋಮೆ ಎಂಬ ಅಳತೆಯಲ್ಲಿ ಹೇಳುವ ರೂಢಿಯಿದೆ. ಒಂದು ಬೋಮೆ ನಮ್ಮ ಕಡೆ ಸಕ್ಕರೆ ಅಳೆಯುವ ಬ್ರಿಕ್ಸ್‌ನಲ್ಲಿ ಸುಮಾರು 1.8ಕ್ಕೆ ಸಮ; ರಸದಲ್ಲಿ ಎಷ್ಟು ಬೋಮೆ ಇದೆಯೋ ಹೆಚ್ಚು ಕಡಿಮೆ ಅಷ್ಟೇ ಶೇಕಡಾ ಮದ್ಯಸಾರ ವೈನಿನಲ್ಲಿ ಬರುತ್ತದೆ. ಅಂದಿನ ರಸ 11.8 ಬೋಮೆ ಇತ್ತು, ಪಿಎಚ್ 3.2ರ ಆಸುಪಾಸು. ಆದರೆ ಯಂತ್ರ ಹೇಳುವುದು ಅರ್ಧ ಮಾತ್ರ. ಅದಕ್ಕೂ ಹಿಂದಿನ ಹತ್ತು ದಿನ ಅವರು ಬೆಳಿಗ್ಗೆ ಸಂಜೆ ಸಾಲುಗಳ ನಡುವೆ ನಡೆದು, ಕಾಯಿ ಅಗಿದು, ಸಿಪ್ಪೆಯನ್ನು ಹಲ್ಲಿನ ನಡುವೆ ಉಜ್ಜಿ, ಬೀಜ ಕಂದಾಗಿದೆಯೇ ಎಂದು ಅಂಗೈಗೆ ಉಗುಳಿ ನೋಡಿದ್ದರಂತೆ. ಎರಡು ದಿನ ಮುಂಚೆ ಕಿತ್ತರೆ ನಿಂಬೆಸಿಪ್ಪೆಯ ಕಟುತನ, ನಾಲ್ಕು ದಿನ ತಡವಾದರೆ ಪೀಚ್ ಹಣ್ಣಿನ ಮಂದ ಸಿಹಿವಾಸನೆ. ಮುಂದಿನ ವಾರ 36 ಡಿಗ್ರಿ ಬಿಸಿಲು ಎಂದು ಹವಾಮಾನ ಇಲಾಖೆ ಹೇಳಿದ್ದರಿಂದ ಅವರು ಅಂದೇ ಕಿತ್ತರು.

ಮಧ್ಯಾಹ್ನ ಹನ್ನೆರಡಕ್ಕೆ ಕೊಯ್ಲು ಮುಗಿದಾಗ ಊರಿನಲ್ಲಿ ಬೆಳಗಿನ ಆರೂವರೆ. ಫೋನ್ ಮಾಡಿದೆ; ಅಪ್ಪ ಪಡದಲ್ಲಿ ನೀರು ಬಿಡುತ್ತಿದ್ದರು. “ಬ್ರಿಕ್ಸ್ ಎಷ್ಟೈತಿ?” ಎಂದರು. ಇಪ್ಪತ್ತೊಂದು ಎಂದೆ. “ಇನ್ನೊಂದ್ ಹದಿನೈದ್ ದಿನ ಬಿಡಬೇಕಿತ್ತಲ್ಲೋ ತಮ್ಮಾ, ಯಾಕ್ ಗಡಿಬಿಡಿ ಮಾಡಿದ್ರು?” ಎಂದು ನಿಜವಾಗಿಯೂ ನೊಂದುಕೊಂಡರು. ನಾನು ಮಾಲಿಕ್ ಆಮ್ಲದ ಕಥೆ ಶುರು ಮಾಡುವಷ್ಟರಲ್ಲಿ ಮೋಟಾರಿಗೆ ಕರೆಂಟು ಹೋಗಿ ಅವರ ಗಮನ ಆ ಕಡೆ ಹರಿಯಿತು.

ಮುಂದಿನದು ಮುಟ್ಟದಿರುವ ಕಲೆ. ಗೊಂಚಲುಗಳನ್ನು ಬಿಡಿಸದೆ ಇಡಿಯಾಗಿಯೇ ಪ್ರೆಸ್ಸಿಗೆ ಹಾಕಿ ಮೆಲ್ಲಗೆ ಹಿಂಡುತ್ತಾರೆ. ತೊಟ್ಟುಗಳ ನಡುವಿನ ಸಂದಿಯಲ್ಲಿ ರಸ ಹರಿದುಬರುವುದರಿಂದ ಸಿಪ್ಪೆಯ ಒಗರು ಹೆಚ್ಚು ಸೇರುವುದಿಲ್ಲ. ಕದಡಿದ ಆ ರಸವನ್ನು ಹಾಗೆಯೇ 500 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳಿಗೆ ಇಳಿಸಿ, ಹೊರಗಿನ ಯೀಸ್ಟ್ ಹಾಕದೆ, ತಾನಾಗಿಯೇ ಹುದುಗು ಬರಲು ಬಿಡುತ್ತಾರೆ. ಎಳನೀರಿನಂತಿದ್ದ ರಸ ನಾಲ್ಕೈದು ದಿನಗಳಲ್ಲಿ ಗುಳುಗುಳು ಎನ್ನತೊಡಗುತ್ತದೆ. ಹುದುಗು ಮುಗಿದ ಮೇಲೆ ತಳಕ್ಕಿಳಿಯುವ ಯೀಸ್ಟಿನ ಗಸಿಯನ್ನು ತೆಗೆಯದೆ ವೈನನ್ನು ಅದರ ಮೇಲೆಯೇ ತಿಂಗಳುಗಟ್ಟಲೆ ಮಲಗಿಸುತ್ತಾರೆ. ಬಾಯಿ ತುಂಬುವ ಗುಣ ಬರುವುದು ಅದರಿಂದ.

ಇಲ್ಲಿ ಒಂದು ದೊಡ್ಡ ತೀರ್ಮಾನವಿದೆ. ಬ್ಯಾಕ್ಟೀರಿಯಾಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಅವು ಸೇಬಿನ ಹುಳಿಯನ್ನು ಮೊಸರಿನ ಹುಳಿಯನ್ನಾಗಿ, ಅಂದರೆ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಜೊತೆಗೆ ಡೈಯಾಸಿಟೈಲ್ ಎಂಬ ರಾಸಾಯನಿಕ ಹುಟ್ಟಿ ಬೆಣ್ಣೆಯ ವಾಸನೆ ಕೊಡುತ್ತದೆ. 1980–90ರ ದಶಕಗಳ ಆಸ್ಟ್ರೇಲಿಯಾದ ಶಾರ್ಡೊನೆ ಬಿಸಿಲಿನಲ್ಲಿ ಮಾಗಿದ ಹಣ್ಣು, ಬೆಣ್ಣೆ, ಹೊಸ ಓಕ್ ಎಲ್ಲವನ್ನೂ ಒಟ್ಟಿಗೆ ಸುರಿದ ಹಳದಿ ಪಾನೀಯವಾಗಿತ್ತು, ಜನ ಬೇಸತ್ತರು. ಲೋಲಕ ಇನ್ನೊಂದು ತುದಿಗೆ ಹೋಯಿತು: ಬೇಗ ಕಿತ್ತು, ಬ್ಯಾಕ್ಟೀರಿಯಾಗಳನ್ನು ತಡೆದು, ಆಗಷ್ಟೇ ಗೀರಿದ ಬೆಂಕಿಕಡ್ಡಿಯಂತಹ ಗಂಧಕದ ವಾಸನೆಯನ್ನು ಬೇಕೆಂದೇ ಉಳಿಸಿಕೊಂಡ ತೆಳ್ಳನೆಯ ವೈನ್‌ಗಳು ಬಂದವು. ಅವುಗಳಲ್ಲಿ ಕೆಲವನ್ನು ಕುಡಿಯುವಾಗ ಹಸಿದವನಿಗೆ ಖಾಲಿ ತಟ್ಟೆಯ ವಿನ್ಯಾಸ ತೋರಿಸಿದಂತೆ ನನಗೆ ಅನ್ನಿಸಿದ್ದುಂಟು. ಹುಳಿಯನ್ನು ಕಾಯುವುದೆಂದರೆ ಹುಳಿಯನ್ನಷ್ಟೇ ಬಡಿಸುವುದಲ್ಲ.

ಅಕ್ಟೋಬರ್ ಮೊದಲ ವಾರ ಮತ್ತೆ ಹೋದೆ. ಊರಿನಲ್ಲಿ ಅದು ಫಲಕ್ಕಾಗಿ ಬಳ್ಳಿ ಸವರುವ ಚಾಟನಿಯ ಕಾಲ. ನಮ್ಮ ಬಳ್ಳಿಗಳಿಗೆ ಚಳಿಗಾಲದ ನಿದ್ದೆಯಿಲ್ಲವಾದ್ದರಿಂದ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಕತ್ತರಿಸಿ ಎಬ್ಬಿಸಬೇಕು. ಇಲ್ಲಿಯವು ಮೂರು ತಿಂಗಳು ಮಲಗಿ ಆಗಷ್ಟೇ ಚಿಗುರಿದ್ದವು. ಯಜಮಾನರು ಎರಡು ಪೀಪಾಯಿಗಳಿಂದ ಗಾಜಿನ ಕೊಳವೆಯಲ್ಲಿ ವೈನ್ ಎಳೆದು ಕೊಟ್ಟರು. ಒಂದರಲ್ಲಿ ಸೇಬಿನ ಹುಳಿ ಇದ್ದಂತೆಯೇ ಇತ್ತು, ನಾಲಿಗೆಯ ಎರಡೂ ಅಂಚು ಜುಮ್ಮೆಂದವು. ಇನ್ನೊಂದು ಮೊಸರಿನ ಕಡೆಗೆ ತಿರುಗಿ ದುಂಡಗಾಗಿತ್ತು. ಯಾವುದು ಎಂದು ಕೇಳಿದರು. ಮೂರು ಪಾಲು ಮೊದಲನೆಯದಕ್ಕೆ ಒಂದು ಪಾಲು ಎರಡನೆಯದು ಎಂದೆ. ಅವರು ಎರಡನೆಯದು ಎರಡು ಪಾಲು ಎಂದರು; ಲೋಟದಲ್ಲಿ ಬೆರೆಸಿ ನೋಡಿದಾಗ ಅವರದೇ ಸರಿ ಇತ್ತು.

ಮಾತಿನ ನಡುವೆ ಅವರು ಆಕಳಿಸುತ್ತಿದ್ದರು. ಶಾರ್ಡೊನೆ ಬೇಗ ಚಿಗುರುವ ತಳಿ. ತೋಟದ ಕೆಳ ಅಂಚಿನ ತಗ್ಗಿನಲ್ಲಿ ತಣ್ಣನೆಯ ಗಾಳಿ ನೀರಿನಂತೆ ಬಂದು ನಿಲ್ಲುತ್ತದೆ. ಹಿಂದಿನ ರಾತ್ರಿ ಮೂರಕ್ಕೆ ಉಷ್ಣಾಂಶ ಸೊನ್ನೆಗೆ ಇಳಿಯತೊಡಗಿದಾಗ, ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಕ್ಕೆ ತಳ್ಳುವ ದೊಡ್ಡ ಫ್ಯಾನ್ ಹಾಕಿ, ಸೂರ್ಯ ಹುಟ್ಟುವವರೆಗೆ ಅದರ ಬುಡದಲ್ಲೇ ಕೂತಿದ್ದರಂತೆ. ನಾವು ಹೋಗಿ ನೋಡಿದೆವು. ತಗ್ಗಿನ ಎರಡು ಸಾಲುಗಳಲ್ಲಿ ಚಿಗುರು ಕರಕಲಾಗಿತ್ತು, ಉಳಿದದ್ದೆಲ್ಲ ಹಸಿರಾಗಿತ್ತು. ಅವರು ಜೇಬಿನಿಂದ ಪುಸ್ತಕ ತೆಗೆದು ಸಾಲಿನ ನಂಬರು ಬರೆದುಕೊಂಡರು.