ಮಳೆಯ ಜಿಲ್ಲೆಯ ಒಣ ಬೀದಿಗಳು

ಮಲೆನಾಡಿನಲ್ಲಿ ಹುಟ್ಟಿದವರಿಗೆ ಮರ ತಾನಾಗಿಯೇ ಬೆಳೆಯುತ್ತದೆ ಎಂಬ ಭಾವನೆ ಸಹಜ. ಆದರೆ ಮರಗಳೇ ಅಪರೂಪವಾಗಿದ್ದ ಅಮೆರಿಕದ ನೆಬ್ರಾಸ್ಕ ಬಯಲಿನಲ್ಲಿ, ಚದುರಿ ನೆಲೆಸಿದ್ದ ಜನರು ಗಾಳಿಯನ್ನು ತಡೆಯಲೂ ಮಣ್ಣನ್ನು ಕಾಯಲೂ ಸಾಲುಮರಗಳನ್ನು ಬಯಸಿದ್ದರಿಂದ, 1872ರ ಏಪ್ರಿಲ್ 10ರಂದೇ ಸಸಿ ನೆಡುವ ದಿನದ ಆಚರಣೆ ಆರಂಭವಾಯಿತು. ನಮ್ಮ ವನಮಹೋತ್ಸವ ಬಂದದ್ದು 1950ರಲ್ಲಿ.

ನಮ್ಮ ಜಿಲ್ಲೆಯೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿದರೆ, ಪೂರ್ವಕ್ಕೆ ಸರಿದಂತೆ ಅದು ಬೇಗನೆ ಕುಗ್ಗಿ, ಶಿವಮೊಗ್ಗ ನಗರಕ್ಕೆ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ. ಆದ್ದರಿಂದ ನಗರದ ಬೀದಿಗಳಿಗೂ ಶಿಕಾರಿಪುರದ ಕಡೆಯ ಗೋಮಾಳಗಳಿಗೂ ಘಟ್ಟದ ಕಾಡಿನ ಜಾತಿಗಳಿಗಿಂತ ಹೊಂಗೆ, ಬೇವು, ಹುಣಸೆಗಳೇ ಲೇಸೆಂಬುದು ನನ್ನ ಅಭಿಪ್ರಾಯ. ಜೂನ್‌ನಲ್ಲಿ ನೆಟ್ಟ ಸಸಿಗೆ ನಿಜವಾದ ಪರೀಕ್ಷೆ ಎದುರಾಗುವುದು ಫೆಬ್ರವರಿಯಿಂದ ಮೇ ತನಕ. ಬುಡಕ್ಕೆ ಪಾತಿ, ಅದರ ಮೇಲೆ ತರಗೆಲೆಯ ಹೊದಿಕೆ, ದನ ಮೇಯದಂತೆ ಮುಳ್ಳುಬೇಲಿ, ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಆಳಕ್ಕಿಳಿಯುವಷ್ಟು ನೀರು, ಇಷ್ಟಿಲ್ಲದಿದ್ದರೆ (ನೆಟ್ಟ ದಿನದ ಭಾಷಣ ಎಷ್ಟೇ ಉದ್ದವಾಗಿರಲಿ) ಅದು ಉಳಿಯುವುದು ಕಷ್ಟ. ಬೆಳೆದ ಮರದ ಬುಡಕ್ಕೆ ತಾಗುವಂತೆ ಕಾಂಕ್ರೀಟ್ ಹಾಸುವುದನ್ನಂತೂ ನಾನು ಒಪ್ಪಲಾರೆ. ಬೇರಿಗೆ ನೀರೂ ಗಾಳಿಯೂ ಇಳಿಯಲು ಸುತ್ತಲೂ ಒಂದು ಮೀಟರಾದರೂ ತೆರೆದ ಮಣ್ಣನ್ನು ಬಿಡಬೇಕು.