ಏಳನೇ ಜಾರು, ಹನ್ನೊಂದನೇ ಜಾರು

ಕಳೆದ ವಾರ ಹಳೇ ಲ್ಯಾಬಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಹೊಸ ರ‍್ಯಾಕು, ಹೊಸ ಜಾರುಗಳು. ನಂಬರ್ ಓದುತ್ತಾ ಹೋದೆ. ಐದು, ಆರು, ಎಂಟು. ಒಂಬತ್ತು, ಹತ್ತು, ಹನ್ನೆರಡು. ಕೆಳಗೆ ಸೀನಿಯರ್ ಬರೆದಿದ್ದರು: "ಆ ಎರಡು ನಂಬರ್ ನಿನ್ನ ಹೆಸರಲ್ಲಿ ರಿಟೈರ್ ಮಾಡಿದ್ದೀವಿ." ಎಲ್ಲರೂ ನಗುವ ಎಮೋಜಿ ಹಾಕಿದರು. ನಾನೂ ಒಂದು ಹಾಕಿದೆ, ಸುಮ್ನೆ. ನಗು ಬಂದಿರಲಿಲ್ಲ.

ನಾನು ಅಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಕೆಲಸ ಏಲಕ್ಕಿ ಕಾಂಡ ಕೊರೆಯುವ ಹುಳುವಿನ ಮೇಲೆ. ಏಲಕ್ಕಿ ಬೆಳೆಯುವವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಂಡದಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ, ಮೇಲೆ ಸುಳಿ ಒಣಗಿ ನಿಂತಿದ್ದರೆ ಅದು ಒಳಗೆ ಕೂತಿದೆ ಅಂತ ಲೆಕ್ಕ. ಹೂಗೊಂಚಲನ್ನೂ ಬಿಡುವುದಿಲ್ಲ, ಎಳೆ ಕಾಯನ್ನೂ ಬಿಡುವುದಿಲ್ಲ. ಪತಂಗ ನೋಡಿದರೆ ಮಾತ್ರ, ಇಷ್ಟೆಲ್ಲ ಹಾಳು ಮಾಡಿದ್ದು ಇದೇನಾ ಅನ್ನಿಸುತ್ತದೆ. ರೆಕ್ಕೆ ಬಿಚ್ಚಿದರೂ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅರಿಶಿನದ ಬಣ್ಣ, ಅದರ ಮೇಲೆ ಯಾರೋ ಇಂಕ್ ಪೆನ್ನು ಕೊಡವಿದ ಹಾಗೆ ಕರಿ ಚುಕ್ಕೆ.

ತಾಪತ್ರಯ ಇರುವುದೇ ಆ ಚುಕ್ಕೆಯಲ್ಲಿ. 1854ರಲ್ಲಿ ಗೆನೆ ಎಂಬ ಫ್ರೆಂಚ್ ತಜ್ಞ ಇದಕ್ಕೆ ಪಂಕ್ಟಿಫೆರಾಲಿಸ್ ಅಂತ ಹೆಸರಿಟ್ಟರು. ಇದು ಈಗ ಸೇರಿರುವ ಕೊನೊಗೆಥಿಸ್ ಎಂಬ ಕುಲವನ್ನು ಮೇರಿಕ್ ಎಂಬ ಇಂಗ್ಲಿಷ್ ತಜ್ಞ ಮಾಡಿದ್ದು 1884ರಲ್ಲಿ. ಪ್ರಾಜೆಕ್ಟ್ ನಡೆಸುತ್ತಿದ್ದ ನಮ್ಮ ಸರ್ ಓದಿದ ಕಾಲದ ಪುಸ್ತಕಗಳಲ್ಲಿ ಕುಲದ ಹೆಸರು ಡೈಕೊಕ್ರೋಸಿಸ್ ಅಂತಿತ್ತು, ಅವರ ಬಾಯಲ್ಲಿ ಇವತ್ತಿಗೂ ಅದೇ. ಆಮೇಲೆ ಭಾರತದಿಂದ ಜಪಾನ್, ಆಸ್ಟ್ರೇಲಿಯಾವರೆಗೆ ಎಲ್ಲಿ ಹಳದಿ ರೆಕ್ಕೆ, ಕರಿ ಚುಕ್ಕೆ ಕಂಡರೂ ಇದೇ ಹೆಸರು ಅಂಟಿಸಿಬಿಟ್ಟರು. ಹರಳಿನ ಕಾಯಿ ತಿನ್ನುವುದೂ ಅದೇ, ಸೀಬೆ ತಿನ್ನುವುದೂ ಅದೇ, ಪೀಚ್ ಹಣ್ಣಿನದೂ ಅದೇ, ಶುಂಠಿ, ಏಲಕ್ಕಿಯದೂ ಅದೇ. ಜಪಾನಿನವರು ಪೈನ್ ಮರದ್ದು ಬೇರೆ ಜಾತಿ ಅಂತ 2006ರಲ್ಲಿ ಪಿನಿಕೊಲಾಲಿಸ್ ಎಂದು ಬೇರೆ ಮಾಡಿದರು. ನಮ್ಮ ಏಲಕ್ಕಿ, ಶುಂಠಿಯದಕ್ಕೆ 2018 ಬರಬೇಕಾಯಿತು. ಅದರ ಹೆಸರು ಸಹ್ಯಾದ್ರಿಯೆನ್ಸಿಸ್. ನಮ್ಮ ಬೆಟ್ಟದ ಹೆಸರೇ.

ಹೆಸರು ಎರಡಾದರೂ ಕಣ್ಣಿಗೆ ಈಗಲೂ ಒಂದೇ. ಹೊಟ್ಟೆ ಕತ್ತರಿಸಿ, ಮಾಂಸ ಕರಗಿಸುವ ಕ್ಷಾರವಾದ ಕೆಓಎಚ್‌ನಲ್ಲಿ ಕುದಿಸಿ, ಜನನಾಂಗದ ಸ್ಲೈಡ್ ಮಾಡಿ ನೋಡಬೇಕು. ಇಲ್ಲವೇ ಕಾಲು ಕಿತ್ತು, ಡಿಎನ್ಎ ನೋಡಿ ಜಾತಿ ಗುರುತಿಸುವ ಬಾರ್‌ಕೋಡಿಂಗ್‌ಗೆ ಕಳಿಸಬೇಕು. ಈ ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರಾಜೆಕ್ಟ್ ಇಂಟರ್ವ್ಯೂನಲ್ಲಿ ಇದನ್ನೇ ಹೇಳಿ ಕೆಲಸ ಗಿಟ್ಟಿಸಿದ್ದೆ.

ಸಹ್ಯಾದ್ರಿಯೆನ್ಸಿಸ್ ಹೆಸರು ಬಂದು ಒಂದೂವರೆ ವರ್ಷ ಆಗಿತ್ತು. ತೋಟದವರದು ಒಂದೇ ಪ್ರಶ್ನೆ: "ಬೇಲಿ ಬದಿಯ ಹರಳು ಗಿಡ ಕೀಳ್ಬೇಕಾ, ಬಿಡ್ಬೇಕಾ?" ಹರಳಿನ ಪತಂಗವೇ ಏಲಕ್ಕಿಗೂ ಬರುತ್ತದೆ ಅಂತಾದರೆ ಹರಳು ಶತ್ರು. ಬೇರೆ ಜಾತಿ ಅಂತಾದರೆ ಪಾಪ, ಅದರ ಪಾಡಿಗೆ ಇರಲಿ. ನಮ್ಮ ಕೆಲಸ ಎರಡೂ ಕಲ್ಚರ್ ಇಟ್ಟು ಕ್ರಾಸ್ ಮಾಡಿ ನೋಡುವುದು. ಹರಳು ಹೆಣ್ಣಿಗೆ ಏಲಕ್ಕಿ ಗಂಡು, ಏಲಕ್ಕಿ ಹೆಣ್ಣಿಗೆ ಹರಳು ಗಂಡು. ಮೊದಲ ಬ್ಯಾಚುಗಳಲ್ಲಿ ಒಂದು ಮೊಟ್ಟೆಯೂ ಒಡೆದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಪಂಜರದ ಮುಂದೆ ಕೂತರೆ, ಒಂದು ಈ ಮೂಲೆ, ಇನ್ನೊಂದು ಆ ಮೂಲೆ. ಹೆಣ್ಣು ನೋಡೋಕೆ ಬಂದು ಕಾಫಿ ಕುಡಿದು ಎದ್ದುಹೋದ ಗಂಡಿನ ಕಡೆಯವರ ಹಾಗೆ.

ಆ ಜುಲೈ ಬ್ಯಾಚಿಗೆ ನಾನು ಸಕಲೇಶಪುರದ ಕಡೆಯ ಒಂದು ತೋಟಕ್ಕೆ ಹೋಗಿ ನಾಲ್ಕು ದಿನ ಮಳೆಯಲ್ಲಿ ಕಾಂಡ ಸೀಳಿದ್ದೆ. ಸಾಕ್ಸಿನೊಳಗೆ ಇಂಬಳ, ಕೈಯೆಲ್ಲ ಏಲಕ್ಕಿ ಸೊಪ್ಪಿನ ಘಾಟು. ಹುಳು ಬೆಳೆದು ಕೋಶ (ಪ್ಯೂಪಾ) ಆದ ಮೇಲೆ ಗಂಡು ಹೆಣ್ಣು ಬೇರೆ ಮಾಡಿ ಜಾರಿಗೆ ಹಾಕಿದೆ. ಹರಳಿನದು ಆರು ಜಾರು, ಏಲಕ್ಕಿಯದು ಆರು. ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ನಂಬರ್, ಆಹಾರ, ತಾರೀಖು, ಲಿಂಗ. ಲೇಬಲ್ ಟೇಪಿಗೆ ಇಂಡೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಅದು ಸ್ಟೇಷನರಿಯೋ ಲ್ಯಾಬ್ ಕನ್ಸ್ಯೂಮಬಲ್ಲೋ ಅಂತ ಕೇಳಿ ಫೈಲು ಮೂರು ಸಲ ವಾಪಸ್ ಬಂದಿತ್ತು. ಇನ್ನೂರು ಚಿಲ್ಲರೆ ರೂಪಾಯಿಯ ಟೇಪು. ಮೂರನೇ ಸಲ ಬಂದಾಗ ಅದರ ಜೊತೆ ಎಂಟು ಹಾಳೆ ಸೇರಿಕೊಂಡಿದ್ದವು.

ಸೋಮವಾರ ರಿವ್ಯೂ ಟೀಮ್ ಬರುತ್ತದೆ ಅಂತ ಶನಿವಾರ ಸಂಜೆ ಗೊತ್ತಾಯಿತು. ಎಲ್ಲ ಫಳಫಳ ಇರಬೇಕು ಅಂತ ಆರ್ಡರ್. ನಾನು ಹನ್ನೆರಡೂ ಜಾರು ಮೇಜಿನ ಮೇಲೆ ಇಳಿಸಿ, ರ‍್ಯಾಕು ಒರೆಸಿದೆ. ಫೋನಿನಲ್ಲಿ ಕ್ರಿಕೆಟ್ ಕಾಮೆಂಟರಿ ಹಾಕಿಕೊಂಡಿದ್ದೆ. ಹಾಗೆಯೇ ಹತ್ತಿಗೆ ಸ್ಪಿರಿಟ್ ಹಾಕಿ ಜಾರುಗಳನ್ನೂ ಒರೆಸಿದೆ. ಒಂದು, ಎರಡು, ಮೂರು. ಹತ್ತಿ ನೀಲಿಯಾಗುತ್ತಿದ್ದದ್ದು ಕಂಡಿತು. ಕಂಡಿತು ಅಂತ ಈಗ ಹೇಳುತ್ತಿದ್ದೇನೆ. ಆಗ, ಜಾರು ಇಷ್ಟು ಕೊಳೆಯಾಗಿತ್ತಾ ಅಂದುಕೊಂಡು ಹೊಸ ಹತ್ತಿ ತೆಗೆದುಕೊಂಡೆ.

ಹನ್ನೆರಡನೆಯದನ್ನು ಒರೆಸಿ ಬೆಳಕಿಗೆ ಹಿಡಿದು, ಆಹಾ ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂತ ತಿರುಗಿಸಿದೆ. ತಿರುಗಿಸುತ್ತಲೇ ಇದ್ದೆ. ಬರಹ ಯಾವ ಕಡೆ ಇದೆ ಅಂತ ಹುಡುಕುತ್ತಿದ್ದೆ.

ಪರ್ಮನೆಂಟ್ ಅಂದರೆ ನೀರಿಗೆ ಪರ್ಮನೆಂಟ್, ಸ್ಪಿರಿಟ್ಟಿಗಲ್ಲ. ಎಂಎಸ್ಸಿ ಮಾಡಿದವನು ನಾನು. ಕೀಟ ಸಂಗ್ರಹದಲ್ಲಿ ನೂರು ವರ್ಷದಿಂದ ಸೀಸದ ಕಡ್ಡಿಯಲ್ಲಿ ಚೀಟಿ ಬರೆದು ಜಾರಿನ ಒಳಗೇ ಯಾಕೆ ಹಾಕುತ್ತಾರೆ ಅಂತ ಆ ಸಂಜೆ ಗೊತ್ತಾಯಿತು.

ಮೊದಲು ಬಾಗಿಲು ಹಾಕಿದೆ. ಯಾರೂ ಇರಲಿಲ್ಲ, ಆದರೂ ಹಾಕಿದೆ. ಆಮೇಲೆ ಒಂದೊಂದೇ ಮುಚ್ಚಳ ತೆಗೆದೆ. ಒಂಬತ್ತು ಜಾರಿನಲ್ಲಿ ಸಿಪ್ಪೆ ಉಳಿದಿತ್ತು. ನಾಲ್ಕರಲ್ಲಿ ಹರಳು ಕಾಯಿಯ ಮುಳ್ಳು ಸಿಪ್ಪೆ, ಐದರಲ್ಲಿ ಏಲಕ್ಕಿ ಕಾಂಡದ ನಾರು. ಗಂಡು ಹೆಣ್ಣು ಕೋಶ ನೋಡಿದರೇ ತಿಳಿಯುತ್ತದೆ, ಅದೇನೂ ತೊಂದರೆ ಇಲ್ಲ. ಉಳಿದ ಮೂರು ಜಾರು ಹೆಣ್ಣಿನವು, ನಾನೇ ಹಿಂದಿನ ದಿನ ಚೊಕ್ಕ ಮಾಡಿ ಹೊಸ ಮರಳು ಹಾಕಿದ್ದೆ. ಒಳಗೆ ಕಂದು ಬಣ್ಣದ ಕೋಶಗಳು ಬಿಟ್ಟರೆ ಏನೂ ಇಲ್ಲ. ಲೆಕ್ಕದ ಪ್ರಕಾರ ಎರಡು ಹರಳು, ಒಂದು ಏಲಕ್ಕಿ. ಯಾವುದು ಯಾವುದು?

ಇಲ್ಲಿ ನಾನು ಮಾಡಬೇಕಾಗಿದ್ದು ಎರಡು ನಿಮಿಷದ ಕೆಲಸ. ಮೂರೂ ಜಾರು ಬದಿಗಿಟ್ಟು, ಬುಕ್ಕಿನಲ್ಲಿ "ಲೇಬಲ್ ಅಳಿಸಿಹೋಗಿದೆ, ಕ್ರಾಸಿಗೆ ಬಳಸಬಾರದು" ಅಂತ ಬರೆಯುವುದು. ಪೆನ್ನು ಕೈಯಲ್ಲೇ ಇತ್ತು. ಆದರೆ ನಾಲ್ಕು ದಿನದ ಮಳೆ, ಇಂಬಳ, ಸೋಮವಾರದ ಟೀಮು, ಸರ್ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅರ್ಧ ಗಂಟೆ ಜಾರು ನೋಡುತ್ತಾ ಕೂತೆ. ಒಂದು ಜಾರಿನ ಕೋಶಗಳು ಉಳಿದೆರಡಕ್ಕಿಂತ ಚಿಕ್ಕವು. ಹರಳು ಕಾಯಿ ಎಣ್ಣೆಯ ಕಾಯಿ, ತಿಂದು ಕೊಬ್ಬಿರುತ್ತವೆ. ಏಲಕ್ಕಿ ಕಾಂಡದಲ್ಲಿ ಏನಿದೆ, ನೀರು. ಹಾಗಾಗಿ ಚಿಕ್ಕದು ಏಲಕ್ಕಿ. ತರ್ಕ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಊಹೆ ಅನ್ನುವುದೇ ಮರೆತುಹೋಯಿತು. ಅದೇ ಮಾರ್ಕರ್‌ನಲ್ಲಿ ಮತ್ತೆ ಬರೆದೆ. ದೊಡ್ಡವು ಮೂರು ಮತ್ತು ಏಳು, ಹರಳು. ಚಿಕ್ಕದು ಹನ್ನೊಂದು, ಏಲಕ್ಕಿ.

ರಿವ್ಯೂ ಟೀಮ್ ಬಂತು, ಕೇಸರಿಬಾತ್ ತಿಂದಿತು, ಹೋಯಿತು. ಜಾರುಗಳ ಕಡೆ ತಿರುಗಿಯೂ ನೋಡಲಿಲ್ಲ.

ಪತಂಗ ಹೊರಬಂದವು. ಇಪ್ಪತ್ತು ಪಂಜರ ಹಾಕಿದೆವು. ಮೂರನೇ ರಾತ್ರಿ ಒಂದು ಪಂಜರದಲ್ಲಿ ಜೋಡಿ ಕೂಡಿದ್ದು ಕಂಡಿತು. ಇನ್ನೊಂದರಲ್ಲೂ. ಆಮೇಲೆ ಏಳು ಪಂಜರದ ಬಟ್ಟೆಯ ಮೇಲಿನ ಮೊಟ್ಟೆ ಒಡೆದವು. ಕೂದಲೆಳೆಯಷ್ಟು ಸಣ್ಣ ಹುಳುಗಳು ಹರಿದಾಡುವುದನ್ನು ಕಂಡು ಸರ್ ಮಗುವಿನಂತಾದರು. ಎರಡೂ ಕಡೆಯ ಕ್ರಾಸಿನಲ್ಲಿ ಮರಿ! ಇವು ಪೂರ್ತಿ ಬೇರೆ ಜಾತಿ ಆಗಿಲ್ಲ ಅಂತ ಅರ್ಥ ಅಲ್ವಾ? ಶುಕ್ರವಾರ ಸಂಜೆ ಐದಕ್ಕೆ ಒಂದು ಸೆಮಿನಾರಿನ ಅಬ್‌ಸ್ಟ್ರಾಕ್ಟ್ ಕೊನೇ ಗಡುವು. ಬರೆಯೋಣ ಅಂದರು. ಕೊನೇ ಸಾಲು ಅವರೇ ಹೇಳಿದರು: ಏಲಕ್ಕಿ ತೋಟದ ಸುತ್ತ ಹರಳು ಗಿಡ ಉಳಿಸಬಾರದು.

ನನಗೂ ತಲೆ ತಿರುಗಿತ್ತು. ಮೂರು ಜಾರಿನ ವಿಷಯ ನೆನಪಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ, ಆದರೆ ನಿಜವಾಗಿ ನೆನಪಿರಲಿಲ್ಲ. ಬುಧವಾರ ಆ ತೋಟದ ಯಜಮಾನರಿಗೆ ಫೋನ್ ಮಾಡಿ ಜಂಬದಿಂದ ಹೇಳಿಯೂ ಬಿಟ್ಟೆ, "ಹರಳು ಕೀಳಿಸಿ ಸರ್, ನಮ್ಮಲ್ಲಿ ರಿಸಲ್ಟ್ ಬಂದಿದೆ."

ಗುರುವಾರ ರಾತ್ರಿ ಟೇಬಲ್ ಮಾಡಲು ಪಂಜರದ ರಿಜಿಸ್ಟರ್ ತೆರೆದೆ. ಸೀನಿಯರ್ ಒಂದು ಕಾಲಂ ಹಾಕಿಸಿದ್ದರು: ತಾಯಿ ಯಾವ ಜಾರು. ಆ ಕಾಲಂ ಹಾಕಿಸಿದ್ದಕ್ಕೆ ನಾವೆಲ್ಲ ಅವರನ್ನು ಆಡಿಕೊಂಡಿದ್ದೆವು. ಮೊಟ್ಟೆ ಒಡೆದ ಪಂಜರಗಳನ್ನು ಬೆರಳಿಟ್ಟು ಓದಿದೆ. ಏಳು. ಏಳು. ಹನ್ನೊಂದು. ಏಳು. ಹನ್ನೊಂದು. ಹನ್ನೊಂದು. ಏಳು.

ಬೇರೆ ಯಾವ ಜಾರಿನದೂ ಇಲ್ಲ. ಒಂದೂ ಇಲ್ಲ.

ಫ್ಯಾನ್ ತಿರುಗುತ್ತಿತ್ತು, ಬೆನ್ನು ಮಾತ್ರ ಒದ್ದೆಯಾಯಿತು. ಏಳು ಅಂದರೆ ಏಲಕ್ಕಿ, ಹನ್ನೊಂದು ಅಂದರೆ ಹರಳು. ನಾನು ಅದಲುಬದಲು ಮಾಡಿದ್ದೆ. ಏಲಕ್ಕಿ ಹೆಣ್ಣಿಗೆ ಏಲಕ್ಕಿ ಗಂಡನ್ನೇ ಬಿಟ್ಟು, ಹರಳಿಗೆ ಹರಳನ್ನೇ ಬಿಟ್ಟು, ಮರಿಯಾಯಿತು ಅಂತ ಕುಣಿದಿದ್ದೆವು. ಹಾಗಾದರೆ ಹರಳಿನ ಕೋಶ ಯಾಕೆ ಚಿಕ್ಕದಿತ್ತು? ಅದಕ್ಕೂ ಉತ್ತರ ಆ ಬುಕ್ಕಿನಲ್ಲೇ ಇತ್ತು. ಅದರ ಹಿಂದಿನ ವಾರ ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಒಂದು ಡಬ್ಬಿಯ ಹರಳು ಕಾಯಿ ಬದಲಾಯಿಸಿರಲಿಲ್ಲ. ಕಿಕ್ಕಿರಿದ ಡಬ್ಬಿಯಲ್ಲಿ ಎರಡು ದಿನ ಹಸಿದ ಹುಳು ಚಿಕ್ಕ ಕೋಶ ಕಟ್ಟದೆ ಇನ್ನೇನು ಮಾಡೀತು?

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಸರ್ ಚೇಂಬರ್‌ಗೆ ಹೋದೆ. ಅವರು ಅಬ್‌ಸ್ಟ್ರಾಕ್ಟ್ ಟೈಪ್ ಮಾಡುತ್ತಿದ್ದರು, ನನ್ನ ಹೆಸರು ಎರಡನೆಯದಾಗಿ ಹಾಕಿದ್ದರು. ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಇನಿಷಿಯಲ್ ಸರಿ ಇದೆಯಾ?" ಅಂದರು. ನಾನು ಇನಿಷಿಯಲ್ ಸರಿ ಇದೆ ಅಂದೆ. ಆಮೇಲೆ ನಿಂತೇ ಇದ್ದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಪೂರ್ತಿ ಸುತ್ತು ಬಂತು. "ಏನ್ರೀ?" ಅಂದರು. ಹೇಳಿದೆ. ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಸ್ಪಿರಿಟ್, ಕ್ರಿಕೆಟ್, ಭಾನುವಾರ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಾಯಿ ಪತಂಗ ಇಟ್ಟಿದೀರಾ, ಎಸೆದಿದೀರಾ?"

ಇಟ್ಟಿದ್ದರು, ಸೀನಿಯರ್. ಪಂಜರದ ನಂಬರ್ ಹಾಕಿ ಫ್ರೀಜರ್‌ನಲ್ಲಿ, ಐಸ್‌ಕ್ರೀಮ್ ಡಬ್ಬಿಯೊಳಗೆ. ಮೊಟ್ಟೆ ಇಟ್ಟು ಒಣಗಿದ ಹೊಟ್ಟೆಗಳು, ಸ್ಲೈಡ್ ಮಾಡಿದರೆ ಖಚಿತವಾಗಿ ಹೇಳಲಾಗುವುದಿಲ್ಲ ಅಂತ ಕಾಲು ಕಿತ್ತು ಬಾರ್‌ಕೋಡಿಂಗ್‌ಗೆ ಕಳಿಸಿದರು. ಅಬ್‌ಸ್ಟ್ರಾಕ್ಟ್ ಹೋಗಲಿಲ್ಲ. ಮೂರು ವಾರಕ್ಕೆ ಸೀಕ್ವೆನ್ಸ್ ಬಂತು. ಏಳನೇ ಜಾರಿನವೆಲ್ಲ ಸಹ್ಯಾದ್ರಿಯೆನ್ಸಿಸ್, ಹನ್ನೊಂದನೆಯವೆಲ್ಲ ಪಂಕ್ಟಿಫೆರಾಲಿಸ್. ಸರ್ ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಎರಡು ವಾರ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಹಾಗೆ, ಲೇಬಲ್ ಟೇಪು ಆ ತಿಂಗಳ ಕೊನೆಗೆ ಸ್ಯಾಂಕ್ಷನ್ ಆಯಿತು. ಸ್ಟೇಷನರಿ ಹೆಡ್‌ನಲ್ಲಿ.

ತೋಟದ ಯಜಮಾನರಿಗೆ ನಾನು ಶುಕ್ರವಾರವೇ ಫೋನ್ ಮಾಡಿದ್ದೆ. "ಅಯ್ಯೋ, ನಿನ್ನೆನೇ ಕೀಳಿಸಿದೆ ಕಣ್ರೀ," ಅಂದರು. ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮತ್ತೆ ಹುಳು ತರಲು ಅಲ್ಲಿಗೆ ಹೋದೆ. ಕಾಂಡಗಳಲ್ಲಿ ಹೊಸ ಹಿಕ್ಕೆ, ಹಿಂದಿನ ವರ್ಷದಷ್ಟೇ. ಹರಳು ಇದ್ದ ಬದಿಯಲ್ಲಿ ಕೆಂಪು ಮಣ್ಣು. ಲೈನ್ ಮನೆಯ ಅಜ್ಜಿಯೊಬ್ಬರು ಆ ಗಿಡಗಳ ಬೀಜ ಕುಟ್ಟಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು, ಮಂಡಿ ನೋವಿಗೆ, ಮೊಮ್ಮಗಳ ತಲೆಗೆ. ಅದು ನನಗೆ ಗೊತ್ತಿದ್ದದ್ದೇ, ಜುಲೈನಲ್ಲಿ ನನ್ನ ಇಂಬಳ ಕಡಿದ ಕಾಲಿಗೆ ಹಚ್ಚಿಕೊಟ್ಟಿದ್ದೂ ಅದೇ ಎಣ್ಣೆ. ಕೀಳಿಸಿದ್ದು ನಾನೇ ಅಂತ ಹೇಳಿದೆ. ಹುಳದ ಹೆಸರು, ಜಾರು ಎಲ್ಲ ಹೇಳಲು ಹೋಗಲಿಲ್ಲ. ತಪ್ಪು ತಿಳಿದು ಹೇಳಿಬಿಟ್ಟೆ ಅಜ್ಜಿ ಅಂದೆ.

ಅವರು ಒಳಗೆ ಹೋಗಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ತಂದರು. ತಳದಲ್ಲಿ ಹರಳು ಬೀಜ. "ಬಿತ್ತನೆಗೆ ಇಟ್ಟಿದ್ದೀನಿ, ಮಳೆ ನಿಲ್ಲಲಿ," ಅಂದರು. ಬಾಟಲಿ ತಿರುಗಿಸಿ ನೋಡಿದೆ. ಒಳಗೆ ಒಂದು ಚೀಟಿ ಮಡಿಸಿ ಹಾಕಿದ್ದರು. ಮೊಮ್ಮಗಳ ಕೈಬರಹ, ಪೆನ್ಸಿಲ್ಲಿನಲ್ಲಿ: ಹಳ್ಳು.