ಎಡಗೈಯವನ ರೈಫಲ್

2025 ನವೆಂಬರ್ 16, ರವಿವಾರ
ಟಿಳಕವಾಡಿ, ಬೆಳಗಾವಿ

ರಾತ್ರಿ ಎಂಟೂವರೆಗೆ ಅಣ್ಣನ ಮಗ ಮಂಜುನ ಫೋನ್ ಬಂತು. ಕೊಲೊರಾಡೊದಲ್ಲಿ ಆಗ ಬೆಳಿಗ್ಗೆ ಎಂಟು ಗಂಟೆ.

"ಕಾಕಾ, ಲಿವರ್ ರೈಫಲ್ ತಗೋಬೇಕಂತ ಮಾಡೀನಿ. ಮೊದಲನೇದು. ಯಾವುದ ತಗೊಳ್ಳಲಿ, ನೀವ ಹೇಳ್ರಿ."

ಲಿವರ್ ರೈಫಲ್ ಅಂದರೆ ಟ್ರಿಗರ್ ಕೆಳಗಿನ ಹಿಡಿಯನ್ನು ಕೆಳಗೆ ತಳ್ಳಿ ಮೇಲೆ ಎಳೆದು ಮುಂದಿನ ಕಾಡತೂಸು ತುಂಬುವ ರೈಫಲ್. ಎದೆ ಧಸಕ್ ಅಂತು. ಅವನ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಮೊದಲು ಅದನ್ನೇ ಕೇಳಿದೆ. "ಕಪಾಟ ಆಗಲೇ ತಂದೀನಿ ಕಾಕಾ. ಗೋಡೆಗೆ ಬೋಲ್ಟ್ ಹಾಕಿಸೀನಿ. ಕಾಡತೂಸು ಬ್ಯಾರೆ ಕೀಲಿಯೊಳಗ ಇಡ್ತೀನಿ" ಅಂದ. ರೈಫಲ್‌ಗಿಂತ ಮೊದಲು ಕಪಾಟು ತಂದಿದ್ದಾನೆ. ಆಮೇಲೆ ನನಗೂ ಮಾತಾಡುವ ಮನಸ್ಸು ಬಂತು.

ಅವನು ಕಲಿಯಲು ಹೊರಟಿರುವುದು ಸಿಲೂಯೆಟ್ ಶೂಟಿಂಗ್. ಮೆಕ್ಸಿಕೊದಿಂದ ಬಂದ ಆಟ. ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ, ಟಗರು. ಐದೈದರ ಸಾಲು, ಎಡದಿಂದ ಬಲಕ್ಕೆ ಹೊಡೆಯಬೇಕು. ದೊಡ್ಡ ಕಾಡತೂಸಿನ ಲಿವರ್ ರೈಫಲ್ ಆದರೆ ಕೋಳಿ 50 ಮೀಟರ್‌ಗೆ, ಹಂದಿ 100ಕ್ಕೆ, ಟರ್ಕಿ 150ಕ್ಕೆ, ಟಗರು 200ಕ್ಕೆ. ನಿಂತೇ ಹೊಡೆಯಬೇಕು. ದುರ್ಬೀನು ಇಲ್ಲ, ಆಸರೆ ಇಲ್ಲ. ಗುಂಡು ತಾಗಿ ಠಣ್ ಅಂದರೆ ಸಾಲದು, ತಗಡು ಬೀಳಬೇಕು. ನಿಂತೇ ಇದ್ದರೆ ಲೆಕ್ಕಕ್ಕಿಲ್ಲ.

ಅವನ ಮನಸ್ಸೆಲ್ಲ ವಿಂಚೆಸ್ಟರ್ 94ರ ಮೇಲೆ. 1894ರ ಮಾಡೆಲ್, ತರ್ಟಿ-ತರ್ಟಿ ಅನ್ನುವ ದೊಡ್ಡ ಕಾಡತೂಸು. ಚಂದದ ರೈಫಲ್, ಇಲ್ಲ ಅನ್ನುವುದಿಲ್ಲ. ಆದರೆ ಮೊದಲನೆಯದಕ್ಕೆ ಬೇಡ ಅಂದೆ. ಅದರ ಒದೆತಕ್ಕೆ ಭುಜ ಹೆದರುತ್ತದೆ. ಭುಜ ಹೆದರಿದರೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಒಮ್ಮೆ ಆ ಚಾಳಿ ಹತ್ತಿದರೆ ಬಿಡಿಸುವುದು ಭಾಳ ಕಷ್ಟ. ಕಾಡತೂಸಿನ ರೇಟೂ ಜಾಸ್ತಿ. ದಿನಕ್ಕೆ ಇಪ್ಪತ್ತು ಹೊಡೆದು ಲೆಕ್ಕ ಹಾಕುತ್ತಾ ಕೂತರೆ ಕೈ ಕುದುರುವುದು ಯಾವಾಗ? ಸಣ್ಣ ಕಾಡತೂಸಿನ ಪಾಯಿಂಟ್ 22 ತಗೋ, ಇನ್ನೂರು ಹೊಡಿ. ಅದರಲ್ಲೂ ಪಂದ್ಯ ಇದೆ, ಟಗರು 100 ಮೀಟರ್‌ನಲ್ಲಿ ನಿಂತಿರುತ್ತದೆ.

ಹಿಂದೆ ಅಂಗಡಿಯಲ್ಲಿ ತೆಗೆದಿಟ್ಟಿದ್ದ ವಿಡಿಯೊ ಕಳಿಸಿದ, ಪಾಯಿಂಟ್ 22ರ ಮೂರು ಲಿವರ್ ರೈಫಲ್‌ಗಳದ್ದು. ಹೊಸ ಹೆನ್ರಿ ಒಂದು, ಬ್ರೌನಿಂಗ್ ಬಿಎಲ್-22 ಒಂದು, ಯಾರೋ ಮಾರಿದ ಹಳೆಯ ಮಾರ್ಲಿನ್ 39ಎ ಒಂದು. ಬ್ರೌನಿಂಗಿನ ಲಿವರ್ 33 ಡಿಗ್ರಿ ತಿರುಗಿದರೆ ಸಾಕು, ಬೆರಳು ಆಡಿಸಿದ ಹಾಗೆ. ಹೆನ್ರಿಯ ಲಿವರ್ ಬೆಣ್ಣೆ ಹಾಗೆ ಓಡುತ್ತದಂತೆ, ಆದರೆ ರೈಫಲ್ ಹಗುರ. ನಿಂತು ಹೊಡೆಯುವವನಿಗೆ ಸ್ವಲ್ಪ ತೂಕ ಬೇಕು. ಮುಂದೆ ಭಾರ ಇದ್ದರೆ ನಳಿಗೆಯ ತುದಿ ಕಡಿಮೆ ಅಲುಗುತ್ತದೆ.

ಮಾರ್ಲಿನ್ ನೋಡಿ ನಾನು ವಿಡಿಯೊ ನಿಲ್ಲಿಸಿದೆ. ಬಲಗಡೆ ಒಂದು ದೊಡ್ಡ ಸ್ಕ್ರೂ. ಅಂಗಡಿಯವನು ಅದಕ್ಕೆ ನಾಣ್ಯ ಕೊಟ್ಟು ತಿರುಗಿಸಿದ, ರೈಫಲ್ ಎರಡು ತುಂಡಾಗಿ ಕೈಗೆ ಬಂತು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದವನಿಗೆ ಇದಕ್ಕಿಂತ ಸಮಾಧಾನ ಯಾವುದಿದೆ? ಹಿಂದಿನಿಂದಲೇ ರಾಡು ಹಾಕಿ ನಳಿಗೆ ತಿಕ್ಕಬಹುದು. ಬಾಯಿ ಕಡೆಯಿಂದ ತಿಕ್ಕಿ ತಿಕ್ಕಿ ಅಂಚು ಸವೆಸಿದ ನಳಿಗೆಗಳನ್ನು ಎಷ್ಟು ನೋಡಿಲ್ಲ. ಸವೆದ ಅಂಚಿನಿಂದ ಹೊರಟ ಗುಂಡು ಹೇಳಿದಲ್ಲಿಗೆ ಹೋಗುವುದಿಲ್ಲ. "ಬಾಯಿಗೆ ಟಾರ್ಚ್ ಹಿಡಿದು ತೆಗೆದ ಫೋಟೊ ಇದ್ದರೆ ಕಳಿಸು" ಅಂದೆ. ಕಳಿಸಿದ. ಅಂಚು ಸುತ್ತಲೂ ಒಂದೇ ಸಮ ಹೊಳೆಯುತ್ತಿತ್ತು. ಅದನ್ನೇ ತಗೋ ಅಂದೆ.

"ಆದರ ಬೋಲ್ಟ್ ರೈಫಲ್ ಯಾಕ ಬ್ಯಾಡ ನಿನಗ?" ಅಂತ ಕೊನೆಗೆ ಕೇಳಿದೆ.

"ಎಡಗೈ ಅಲ್ಲಾ ಕಾಕಾ ನಂದು. ಬೋಲ್ಟ್ ರೈಫಲ್‌ದಾಗ ಕಾಡತೂಸು ತುಂಬೋ ಹಿಡಿ ಸಾಮಾನ್ಯವಾಗಿ ಬಲಗಡೆ ಇರ್ತೈತಿ, ಲಿವರ್ ನಡುವ ಇರ್ತೈತಿ. ಯಾವ ಕೈ ಆದ್ರೂ ನಡೀತೈತಿ."

ಅದು ನನಗೆ ಮರೆತೇ ಹೋಗಿತ್ತು. ಅಣ್ಣನೂ ಎಡಗೈಯವನೇ. ಖಾನಾಪುರದ ಹೊಲದಲ್ಲಿ ಕಬ್ಬಿಗೆ ಕಾಡುಹಂದಿ ನುಗ್ಗುತ್ತವೆ ಅಂತ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಬಂದೂಕು ಇಟ್ಟಿದ್ದ. ಚುನಾವಣೆ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಿ, ಚೀಟಿಯನ್ನು ದೇವರ ಫೋಟೊ ಹಿಂದೆ ಸಿಕ್ಕಿಸುತ್ತಿದ್ದ. ಮಂಜುಗೆ ಆಗ ಆರೋ ಏಳೋ. ಬಂದೂಕು ಮುಟ್ಟಲು ಬಿಡುತ್ತಿರಲಿಲ್ಲ. ಒರೆಸುವಾಗ ಮಾತ್ರ ಎಣ್ಣೆ ಬಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಹಂದಿಗೆ ಅಂತ ಇಟ್ಟ ಬಂದೂಕು. ಆದರೆ ಗಾಳಿಯಲ್ಲಿ ಹೊಡೆದು ಓಡಿಸುತ್ತಿದ್ದನೇ ಹೊರತು ಒಂದನ್ನೂ ಕೊಂದದ್ದು ನಾನು ಕಂಡಿಲ್ಲ.

ಊಟ ಆದ ಮೇಲೆ ಟೆರೇಸಿಗೆ ಹೋದೆ. ಚಳಿ ಶುರುವಾಗಿದೆ. ಮೂಲೆಯಲ್ಲಿದ್ದ ಬಟ್ಟೆ ಒಣಹಾಕುವ ಬಿದಿರು ಕೋಲು ಭುಜಕ್ಕೆ ಕೊಟ್ಟು ಎದುರು ಮನೆಯ ನೀರಿನ ಟಾಕಿಗೆ ಗುರಿ ಇಟ್ಟೆ. ತುದಿ ಟಾಕಿಯ ಈ ಅಂಚಿನಿಂದ ಆ ಅಂಚಿಗೆ ಓಡಾಡುತ್ತಿತ್ತು. ಅರ್ಧ ಉಸಿರು ಬಿಟ್ಟು ನಿಂತೆ. ಒಂದು ಗಳಿಗೆ ನಿಂತಿತು, ಮತ್ತೆ ಹೊರಟಿತು. ಅರವತ್ತೆರಡಕ್ಕೆ ಇಷ್ಟಾದರೂ ನಿಂತಿತಲ್ಲ ಅಂತ ಖುಷಿಯಾಯಿತು.

ಆಗ ಹೊಳೆಯಿತು. ಅವನ ಗುರಿಯ ಕಣ್ಣು ಯಾವುದು ಅಂತ ಕೇಳಲೇ ಇಲ್ಲ! ಅಣ್ಣನ ಕೈ ಎಡದ್ದು, ಕಣ್ಣು ಬಲದ್ದು. ಅದಕ್ಕೇ ಕುತ್ತಿಗೆ ಸೊಟ್ಟ ಮಾಡಿ ನೋಡುತ್ತಿದ್ದ. ಮಂಜುಗೂ ಹಾಗೇ ಇದ್ದರೆ ಭುಜವನ್ನೇ ಬದಲಿಸಿ ಕಲಿಯಬೇಕಾಗುತ್ತದೆ, ಮೊದಲ ದಿನದಿಂದಲೇ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ್ದೇನಾದರೂ ನೋಡು, ಒಂದೊಂದೇ ಕಣ್ಣು ಮುಚ್ಚು, ಯಾವ ಕಣ್ಣಿಗೆ ಅದು ಕಿಂಡಿಯಲ್ಲಿ ಕಾಣುತ್ತದೋ ಅದೇ ಗುರಿಯ ಕಣ್ಣು ಅಂತ ಮೆಸೇಜ್ ಹಾಕಿದ್ದೇನೆ. ಹತ್ತೂವರೆ ಆಯಿತು, ಇನ್ನೂ ನೋಡಿಲ್ಲ. ಅಂಗಡಿಗೆ ಹೊರಟುಬಿಟ್ಟನೋ ಏನೋ